ಗೋಡೆ ಇಲ್ಲದ ಸೆರೆಮನೆ: ನಮ್ಮ ಜಿಲ್ಲೆಯ ಸ್ವತಂತ್ರಪುರದ ಇತಿಹಾಸ



ಪ್ರತಿ ವರ್ಷ ಆಗಸ್ಟ್ ತಿಂಗಳ ಎರಡನೇ ಭಾನುವಾರ ಭಾರತದ ಧರ್ಮಸಭೆ ಸೆರೆಮನೆಯಲ್ಲಿ ಇರುವವರಿಗಾಗಿ ವಿಶೇಷವಾಗಿ ಪ್ರಾರ್ಥಿಸುತ್ತದೆ. ಆಗಸ್ಟ್ 14 ಸಂತ ಮ್ಯಾಕ್ಸಿಮಿಲಿಯನ್ ಕೋಲ್ಬೆಯವರ ಹಬ್ಬ. 1941ರಲ್ಲಿ ಔಷ್‌ವಿಟ್ಜ್ ಶಿಬಿರದಲ್ಲಿ ಇನ್ನೊಬ್ಬ ಕೈದಿಯ ಬದಲಿಗೆ ತಾವೇ ಸಾಯಲು ಮುಂದೆ ಬಂದ ಗುರುಗಳು ಅವರು. ಕೈದಿಗಳ ಪಾಲಕ ಸಂತರೆಂದು ಅವರನ್ನು ನೆನೆಯುತ್ತೇವೆ.

ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯವನ್ನು ನಾವೆಲ್ಲ ಎಷ್ಟೋ ಸಲ ಕೇಳಿದ್ದೇವೆ. ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಪರದೇಶಿಗೆ ಆಸರೆ, ಬಟ್ಟೆ ಇಲ್ಲದವರಿಗೆ ಬಟ್ಟೆ, ರೋಗಿಗಳ ಆರೈಕೆ, ಕೊನೆಗೆ ಸೆರೆಯಲ್ಲಿ ಇರುವವರ ಭೇಟಿ. ಈ ಆರರಲ್ಲಿ ಮೊದಲ ಐದನ್ನು ನಮ್ಮ ಯುವ ಬಳಗಗಳು ತಕ್ಕಮಟ್ಟಿಗೆ ಮಾಡುತ್ತವೆ. ಬರಗಾಲದಲ್ಲಿ ನೀರು ಹಂಚುತ್ತೇವೆ, ಕ್ರಿಸ್‌ಮಸ್‌ಗೆ ಬಟ್ಟೆ ಕೊಡುತ್ತೇವೆ, ಮಿರಜದ ಆಸ್ಪತ್ರೆಗೆ ಹೋಗಿ ರೋಗಿಗಳನ್ನು ನೋಡಿ ಬರುತ್ತೇವೆ. ಆರನೆಯದು ಬಂದಾಗ ಮಾತ್ರ ತಡವರಿಸುತ್ತೇವೆ. ಹಸಿವು, ರೋಗ ಯಾರ ತಪ್ಪೂ ಅಲ್ಲ, ಜೈಲಿಗೆ ಹೋದವನು ಏನೋ ಮಾಡಿಯೇ ಹೋಗಿರುತ್ತಾನೆ ಎಂಬ ಭಾವನೆ ನಮ್ಮೊಳಗೆ ಗಟ್ಟಿಯಾಗಿ ಕೂತಿದೆ. ಆದರೆ ಯೇಸುಸ್ವಾಮಿ ಆ ಪಟ್ಟಿಯಲ್ಲಿ ‘ತಪ್ಪು ಮಾಡದೆ ಸೆರೆಗೆ ಹೋದವರು’ ಎಂದು ಬೇರೆ ಮಾಡಿ ಹೇಳಲಿಲ್ಲ.

ಆದ್ದರಿಂದ ಈ ಸಲ ಒಂದು ಇತಿಹಾಸವನ್ನು ನಿಮ್ಮ ಮುಂದಿಡುತ್ತಿದ್ದೇವೆ. ಕೈದಿಗಳನ್ನು ಮನುಷ್ಯರಂತೆ ನಡೆಸಿಕೊಂಡರೆ ಏನಾಗುತ್ತದೆ ಎಂದು ನೋಡಲು ಇಂದು ಜನ ನಾರ್ವೆ ದೇಶದ ಕಡೆ ಬೆರಳು ತೋರಿಸುತ್ತಾರೆ. ಅಷ್ಟು ದೂರ ಹೋಗುವುದೇ ಬೇಡ. ನಮ್ಮ ಜತ್ತದ ಹಾಗೆಯೇ ಸಾಂಗಲಿ ಜಿಲ್ಲೆಯ ಬರದ ತಾಲ್ಲೂಕಾದ ಆಟಪಾಡಿಯಲ್ಲಿ, ಎಂಬತ್ತು ವರ್ಷಗಳಿಗೂ ಹಿಂದೆ, ಗೋಡೆಯೇ ಇಲ್ಲದ ಒಂದು ಸೆರೆಮನೆ ಹುಟ್ಟಿತು. ಅದು ಇಂದಿಗೂ ನಡೆಯುತ್ತಿದೆ. ಅದರ ಹೆಸರು ಸ್ವತಂತ್ರಪುರ.

ಮೊದಲು ಜೈಲು ಹೇಗಿತ್ತು?

ಬ್ರಿಟಿಷರ ಕಾಲದಲ್ಲಿ ಜೈಲಿನ ಉದ್ದೇಶ ಸರಳವಾಗಿತ್ತು: ಹೆದರಿಸುವುದು. ಮೆಕಾಲೆಯ ಸಲಹೆಯಂತೆ 1836ರಲ್ಲಿ ಒಂದು ಸಮಿತಿ ನೇಮಕವಾಯಿತು. 1838ರಲ್ಲಿ ಅದು ಕೊಟ್ಟ ವರದಿ ಶಿಕ್ಷಣ, ನೀತಿಬೋಧೆ, ಒಳ್ಳೆಯ ನಡತೆಗೆ ಬಹುಮಾನ ಇಂಥವುಗಳಿಂದ ಕೈದಿಯನ್ನು ತಿದ್ದುವ ಯೋಚನೆಯನ್ನೇ ಬದಿಗಿಟ್ಟಿತು. ಬೇಸರ ಹುಟ್ಟಿಸುವ, ಮೈ ಮುರಿಯುವ ದುಡಿಮೆಯೇ ಶಿಕ್ಷೆ ಎಂದಿತು. 1894ರಲ್ಲಿ ಬಂದ ಬಂದೀಖಾನೆ ಕಾಯ್ದೆಯೂ ಬೀಗ, ಬೇಡಿ, ಕಾವಲು, ಶಿಸ್ತು ಇವುಗಳ ಲೆಕ್ಕವನ್ನೇ ಹೆಚ್ಚಾಗಿ ಮಾಡಿತು. ನೂರಕ್ಕೂ ಹೆಚ್ಚು ವರ್ಷ ನಮ್ಮ ದೇಶದ ಜೈಲುಗಳು ನಡೆದದ್ದು ಆ ಕಾಯ್ದೆಯ ಮೇಲೆ.

ನಡುವೆ 1919–20ರಲ್ಲಿ ಅಲೆಕ್ಸಾಂಡರ್ ಕಾರ್ಡ್ಯೂ ಎಂಬವರ ಅಧ್ಯಕ್ಷತೆಯ ಜೈಲು ಸಮಿತಿ ಬೇರೆ ಮಾತು ಹೇಳಿತು. ಕೈದಿಯನ್ನು ಕಾಯುವುದಷ್ಟೇ ಸಾಲದು, ಅವನನ್ನು ಸುಧಾರಿಸಿ ಸಮಾಜಕ್ಕೆ ಮರಳಿಸುವುದೂ ಜೈಲಿನ ಕೆಲಸ ಎಂದಿತು. ಮಾತು ಕಾಗದದ ಮೇಲೆ ಚೆನ್ನಾಗಿತ್ತು. ಅದನ್ನು ನೆಲದ ಮೇಲೆ ಮಾಡಿ ತೋರಿಸಿದ್ದು ದೊಡ್ಡ ಸರಕಾರವಲ್ಲ, ಒಂದು ಚಿಕ್ಕ ಸಂಸ್ಥಾನ.

ಔಂಧದ ರಾಜ, ಬೆಂಗಳೂರಿನ ಎಂಜಿನಿಯರ್

ಇಂದಿನ ಸಾತಾರಾ ಜಿಲ್ಲೆಯ ಔಂಧ ಒಂದು ಪುಟ್ಟ ಸಂಸ್ಥಾನವಾಗಿತ್ತು. ಅದರ ಪ್ರದೇಶ ಒಂದೇ ಕಡೆ ಇರಲಿಲ್ಲ, ಚೂರು ಚೂರಾಗಿ ಹರಡಿತ್ತು. ಔಂಧ, ಕುಂಡಲ, ಆಟಪಾಡಿ ಮರಾಠಿ ಸೀಮೆಯಲ್ಲಿದ್ದವು. ಗುಣದಾಳ ಎಂಬ ನಾಲ್ಕನೆಯ ತುಂಡು ಇಂದಿನ ವಿಜಯಪುರ ಜಿಲ್ಲೆಯಲ್ಲಿ, ಅಚ್ಚ ಕನ್ನಡದ ನೆಲದಲ್ಲಿತ್ತು. ಅಂದರೆ ಆ ರಾಜನ ಪ್ರಜೆಗಳಲ್ಲಿ ನಮ್ಮಂತೆ ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ ಆಡುವವರೂ ಇದ್ದರು.

1909ರಿಂದ ಸಂಸ್ಥಾನಗಳ ವಿಲೀನದವರೆಗೆ ಅಲ್ಲಿ ಆಳಿದವರು ಭವಾನರಾವ್ ಶ್ರೀನಿವಾಸರಾವ್ ಪಂತ ಪ್ರತಿನಿಧಿ. ಜನ ಅವರನ್ನು ಬಾಳಾಸಾಹೇಬ ಎನ್ನುತ್ತಿದ್ದರು. ಚಿತ್ರಕಾರ, ಕಲಾಸಂಗ್ರಹಕಾರ, ಸೂರ್ಯನಮಸ್ಕಾರವನ್ನು ಊರೂರಿಗೆ ಹಬ್ಬಿಸಿದವರು. ಬೆಳಗಾವಿ ಸೀಮೆಯ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಾರ್ಖಾನೆಗೆ ಜಾಗವಿಲ್ಲದೆ ಅಲೆದಾಗ, 1910ರಲ್ಲಿ ಕುಂಡಲದ ಬಳಿ ಜಮೀನು ಕೊಟ್ಟವರೂ ಇವರೇ. ಅದೇ ಇಂದಿನ ಕಿರ್ಲೋಸ್ಕರವಾಡಿ. ಜೈಲು ಕಂಡು ಬಂದವರನ್ನೇ ಕಿರ್ಲೋಸ್ಕರರು ರಾತ್ರಿ ಕಾವಲಿಗೆ ಇಟ್ಟುಕೊಂಡಿದ್ದರೆಂದು ಅವರ ಕುರಿತ ಬರಹಗಳಲ್ಲಿ ಬರುತ್ತದೆ. ನಂಬಿಕೆ ಇಟ್ಟರೆ ಮನುಷ್ಯ ಬದಲಾಗುತ್ತಾನೆ ಎಂಬ ಯೋಚನೆ ಆ ಸೀಮೆಗೆ ಆಗಲೇ ಹೊಸದಾಗಿರಲಿಲ್ಲ.

1938ರಲ್ಲಿ ರಾಜರು ತಮ್ಮ ಅಧಿಕಾರವನ್ನು ಪ್ರಜೆಗಳಿಗೆ ಬಿಟ್ಟುಕೊಡುವುದಾಗಿ ಸಾರಿದರು. ಇದರ ಹಿಂದೆ ಅವರ ಮಗ ಅಪ್ಪಾ ಪಂತ ಮತ್ತು ಒಬ್ಬ ವಿಚಿತ್ರ ಪರದೇಶಿ ಇದ್ದರು. ಆ ಪರದೇಶಿಯೇ ಮಾರಿಸ್ ಫ್ರೀಡ್‌ಮನ್. ಪೋಲೆಂಡಿನ ವಾರ್ಸಾದಲ್ಲಿ ಯಹೂದಿ ಮನೆತನದಲ್ಲಿ ಹುಟ್ಟಿದ ಎಂಜಿನಿಯರ್. ಮೈಸೂರಿನ ದಿವಾನ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಬೆಂಗಳೂರಿನ ಸರಕಾರಿ ವಿದ್ಯುತ್ ಕಾರ್ಖಾನೆಯನ್ನು ನಡೆಸಲು ಬಂದವರು. ಇಲ್ಲಿಗೆ ಬಂದ ಮೇಲೆ ಕಾವಿ ಉಟ್ಟರು, ಭಾರತಾನಂದ ಎಂದು ಹೆಸರಾಯಿತು. ಗಾಂಧೀಜಿಯ ಬಳಗ ಸೇರಿ ಚರಕದ ಸುಧಾರಣೆಗೂ ಕೈ ಹಾಕಿದರು. ಗಾಂಧೀಜಿಯ ಸಲಹೆಯಂತೆ ಗ್ರಾಮ ಪಂಚಾಯತಿಗಳ ಮೇಲೆ ನಿಂತ ಹೊಸ ಸಂವಿಧಾನ 1939ರ ಜನವರಿಯಲ್ಲಿ ಔಂಧದಲ್ಲಿ ಜಾರಿಗೆ ಬಂತು. ಊರಿನ ವ್ಯಾಜ್ಯಗಳನ್ನು ಊರವರೇ ಆರಿಸಿದ ಪಂಚರು ಕೂತು ತೀರ್ಮಾನಿಸುವ ವ್ಯವಸ್ಥೆಯೂ ಅದರಲ್ಲಿತ್ತು.

ನ್ಯಾಯವನ್ನು ಊರಿನ ಕೈಗೆ ಕೊಟ್ಟ ಮೇಲೆ ಮುಂದಿನ ಪ್ರಶ್ನೆ ತಾನಾಗಿಯೇ ಬಂತು. ಶಿಕ್ಷೆಯಾದವರನ್ನು ಏನು ಮಾಡುವುದು?

ಸ್ವತಂತ್ರಪುರ

1930ರ ದಶಕದ ಕೊನೆಯಲ್ಲಿ, ಆಟಪಾಡಿಯ ಬಳಿಯ ಬರಡು ನೆಲದಲ್ಲಿ, ಶಿಕ್ಷೆಯಾದ ಕೈದಿಗಳಿಗಾಗಿ ಒಂದು ವಸಾಹತು ಶುರುವಾಯಿತು. ಫ್ರೀಡ್‌ಮನ್ನರು ಅದರ ಪ್ರೇರಕ ಶಕ್ತಿ, ರಾಜರು ಅದರ ಪೋಷಕರು. ಅಲ್ಲಿ ಎತ್ತರದ ಗೋಡೆ ಕಟ್ಟಲಿಲ್ಲ. ಕಾಲಿಗೆ ಬೇಡಿ ಹಾಕಲಿಲ್ಲ. ಹೊಲ ಉಳುವುದು, ಬೆಳೆ ತೆಗೆಯುವುದು, ತಮ್ಮ ಅನ್ನ ತಾವೇ ದುಡಿದುಕೊಳ್ಳುವುದು, ಇದು ನೇಮ. ಕಾವಲು ಕಾಯುವುದು ಕೊಟ್ಟ ಮಾತು.

ಮಾಣದೇಶ ಎನ್ನುವ ಆ ಸೀಮೆ ಹೇಗಿದೆ ಎಂದು ನಮಗೆ ಹೇಳಬೇಕಾಗಿಲ್ಲ. ನಮ್ಮದರ ಹಾಗೆಯೇ. ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಸಜ್ಜೆ, ಜೋಳ ಬೆಳೆಯಲೂ ಮುಗಿಲು ನೋಡಬೇಕು. ಅಂಥ ನೆಲದಲ್ಲಿ ಬೆಳೆ ತೆಗೆಯಲು ಒಬ್ಬನಿಂದ ಆಗುವುದಿಲ್ಲ, ಹೆದರಿಸಿ ದುಡಿಸಿದರೂ ಆಗುವುದಿಲ್ಲ. ನೆಲ ತನ್ನದು ಎನಿಸಬೇಕು. ಸ್ವತಂತ್ರಪುರದ ಯೋಚನೆಯ ಬೇರು ಇಲ್ಲಿದೆ.

ಇನ್ನೊಂದು ಸಂಗತಿ ಅದಕ್ಕಿಂತ ದೊಡ್ಡದು. ಸ್ವತಂತ್ರಪುರದಲ್ಲಿ ಕೈದಿ ಹೆಂಡತಿ ಮಕ್ಕಳೊಡನೆ ಇರಬಹುದು. ನಮ್ಮ ಗಡಿಭಾಗದ ಕುಟುಂಬಗಳಿಗೆ ಕೊಲ್ಲಾಪುರದ ಕಳಂಬಾ, ಪುಣೆಯ ಯರವಡಾ, ಬೆಳಗಾವಿಯ ಹಿಂಡಲಗಾ, ವಿಜಯಪುರದ ದರ್ಗಾ ಜೈಲುಗಳ ಹೆಸರು ಗೊತ್ತು. ಅಲ್ಲಿಗೆ ಹೋಗಿ ಬರುವುದೆಂದರೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಬೇರೆ, ಸಿಗುವುದು ಕೆಲವು ನಿಮಿಷದ ಮಾತು. ಹತ್ತು, ಹದಿನಾಲ್ಕು ವರ್ಷ ಹೀಗೆ ನಡೆದರೆ ಮನುಷ್ಯ ಹೊರಗೆ ಬರುವ ಹೊತ್ತಿಗೆ ಮನೆಯೇ ಉಳಿದಿರುವುದಿಲ್ಲ. ಹೆಂಡತಿ ತವರಿಗೆ ಹೋಗಿರುತ್ತಾಳೆ, ಮಕ್ಕಳಿಗೆ ಮುಖದ ಪರಿಚಯ ಇರುವುದಿಲ್ಲ, ಹೊಲ ಅಣ್ಣತಮ್ಮಂದಿರ ಪಾಲಾಗಿರುತ್ತದೆ. ಶಿಕ್ಷೆ ಅವನಿಗೆ ಎಂದು ಕೋರ್ಟು ಬರೆದಿರುತ್ತದೆ, ಅನುಭವಿಸುವುದು ಇಡೀ ಮನೆ. ಸ್ವತಂತ್ರಪುರ ಈ ಗಂಟನ್ನು ಬಿಚ್ಚಿತು. ಶಿಕ್ಷೆ ಇರಲಿ, ಸಂಸಾರ ಮುರಿಯಬಾರದು ಎಂದಿತು.

ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೇಲೆ ಈ ವಸಾಹತು ಮುಂಬಯಿ ಸರಕಾರದ, ಆಮೇಲೆ ಮಹಾರಾಷ್ಟ್ರದ ಬಂದೀಖಾನೆ ಇಲಾಖೆಯ ಕೈಗೆ ಬಂತು. ದೀರ್ಘ ಶಿಕ್ಷೆಯಾಗಿ, ಒಳ್ಳೆಯ ನಡತೆ ತೋರಿ, ಬಹುಪಾಲು ಅವಧಿ ಮುಗಿಸಿದವರನ್ನು ಅಲ್ಲಿಗೆ ಕಳಿಸುತ್ತಾರೆ. ಆದರೆ ಜಾಗ ಇರುವುದು ಸುಮಾರು ಮೂವತ್ತು ಮಂದಿಗೆ ಮಾತ್ರ.

ಅದೇ ಕಾಲದ ಇನ್ನೊಂದು ‘ವಸಾಹತು’

ನಮ್ಮಲ್ಲಿ ವಿಜ್ಞಾನ ಓದಿದವರು ಹಲವರಿದ್ದೇವೆ. ಒಂದು ಪ್ರಯೋಗದ ಅರ್ಥ ತಿಳಿಯಬೇಕಾದರೆ ಅದರ ಪಕ್ಕದಲ್ಲಿ ಹೋಲಿಸಲು ಇನ್ನೊಂದು ಬೇಕು. ಸ್ವತಂತ್ರಪುರದ ಪಕ್ಕದಲ್ಲಿ ಇಟ್ಟು ನೋಡಲು ಅದೇ ಕಾಲದ, ನಮ್ಮದೇ ಸೀಮೆಯ ಇನ್ನೊಂದು ಉದಾಹರಣೆ ಇದೆ. ಅದನ್ನು ಹೇಳದೆ ಈ ಇತಿಹಾಸ ಪೂರ್ತಿಯಾಗುವುದಿಲ್ಲ.

1871ರಲ್ಲಿ ಬ್ರಿಟಿಷರು ‘ಅಪರಾಧಿ ಬುಡಕಟ್ಟು’ ಕಾಯ್ದೆ ತಂದರು. ಪಾರಧಿ, ಕೈಕಾಡಿ, ಹರಣಶಿಕಾರಿ ಮೊದಲಾದ ಅಲೆಮಾರಿ ಸಮುದಾಯಗಳು ಮುಂದೆ ಇದರ ಹಿಡಿತಕ್ಕೆ ಬಂದವು. ಹುಟ್ಟಿದ ಮಗುವೂ ಹುಟ್ಟಿನಿಂದಲೇ ಸಂಶಯದ ಪಟ್ಟಿಯಲ್ಲಿ. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಮುಂಬಯಿ ಪ್ರಾಂತದಲ್ಲಿ ಇವರಿಗಾಗಿ ಬೇಲಿ ಹಾಕಿದ ವಸಾಹತುಗಳು ಬಂದವು: ವಿಜಯಪುರ, ಸೊಲ್ಲಾಪುರ, ಹುಬ್ಬಳ್ಳಿ, ಗದಗ. ಹಾಜರಿ ಹಾಕಬೇಕು, ಹೊರಗೆ ಹೋಗಲು ಚೀಟಿ ಬೇಕು, ಗಿರಣಿಯಲ್ಲಿ ದುಡಿಯಬೇಕು. ಇಂದಿಗೂ ಸೊಲ್ಲಾಪುರದಲ್ಲಿ, ಹುಬ್ಬಳ್ಳಿಯಲ್ಲಿ, ಗದಗ–ಬೆಟಗೇರಿಯಲ್ಲಿ ‘ಸೆಟ್ಲಮೆಂಟ್’ ಎಂದರೆ ರಿಕ್ಷಾದವರು ಕರೆದುಕೊಂಡು ಹೋಗುತ್ತಾರೆ. ಆ ಹೆಸರಿನ ಹಿಂದಿನ ಕಥೆ ಇದು.

ಈಗ ಎರಡನ್ನೂ ಪಕ್ಕಪಕ್ಕ ಇಡಿ. ಆಟಪಾಡಿಯಿಂದ ಸೊಲ್ಲಾಪುರ ನೂರು ಕಿಲೋಮೀಟರಿನ ಆಸುಪಾಸು. ಒಂದು ಕಡೆ ಯಾವ ಅಪರಾಧವೂ ಸಾಬೀತಾಗದ ಕುಟುಂಬಗಳು ತಂತಿ ಬೇಲಿಯೊಳಗೆ. ಇನ್ನೊಂದು ಕಡೆ ಅಪರಾಧ ಸಾಬೀತಾದವರು ಬೇಲಿಯೇ ಇಲ್ಲದ ಹೊಲದಲ್ಲಿ. ಎರಡೂ ಕಡೆ ಹೆಂಡತಿ ಮಕ್ಕಳು ಜೊತೆಗಿದ್ದರು, ಎರಡೂ ಕಡೆ ದುಡಿಮೆ ಇತ್ತು, ಎರಡನ್ನೂ ‘ಸುಧಾರಣೆ’ ಎಂದೇ ಕರೆದರು. ಆದರೆ ಒಂದರ ಬುನಾದಿ ಸಂಶಯ, ಇನ್ನೊಂದರ ಬುನಾದಿ ನಂಬಿಕೆ.

ಕ್ರೈಸ್ತರಾದ ನಮಗೆ ಇಲ್ಲಿ ನುಂಗಲು ಕಷ್ಟವಾದ ಒಂದು ಸತ್ಯವಿದೆ. ದೇಶದಲ್ಲಿ ಇಂಥ ಸೆಟ್ಲಮೆಂಟುಗಳಲ್ಲಿ ಹಲವನ್ನು ಸರಕಾರದ ಪರವಾಗಿ ನಡೆಸಿದ್ದು ಸಾಲ್ವೇಶನ್ ಆರ್ಮಿಯಂಥ ಕ್ರೈಸ್ತ ಸಂಸ್ಥೆಗಳು. ಶಾಲೆ ತೆರೆದರು, ಔಷಧಿ ಕೊಟ್ಟರು, ಕೈಕೆಲಸ ಕಲಿಸಿದರು, ಅದು ನಿಜ. ಬೇಲಿಯ ಕೀಲಿಯನ್ನು ಕೈಯಲ್ಲಿ ಹಿಡಿದದ್ದೂ ನಿಜ. ಬೇಲಿಯೊಳಗೆ ದಯೆ ತೋರಿಸುವುದು ಬೇರೆ, ಬೇಲಿ ಬೇಕೇ ಎಂದು ಕೇಳುವುದು ಬೇರೆ. ಸೇವೆ ಮಾಡುವವರು ಈ ಎರಡರ ನಡುವಿನ ಅಂತರವನ್ನು ಮರೆಯಬಾರದು.

1952ರ ಆಗಸ್ಟ್ 31ರಂದು ಆ ಕಾಯ್ದೆ ರದ್ದಾಯಿತು. ಹಣೆಪಟ್ಟಿ ಮಾತ್ರ ಉಳಿಯಿತು. ಎಷ್ಟರಮಟ್ಟಿಗೆ ಎಂದರೆ, ಜೈಲು ಕೈಪಿಡಿಗಳಲ್ಲಿ ಜಾತಿ ನೋಡಿ ಕಸ ಗುಡಿಸುವ ಕೆಲಸ ಹಂಚುವ, ಅಲೆಮಾರಿ ಸಮುದಾಯದವರನ್ನು ಹುಟ್ಟಾ ಅಪರಾಧಿಗಳೆಂದು ನೋಡುವ ನಿಯಮಗಳನ್ನು ಸುಪ್ರೀಂ ಕೋರ್ಟ್ ತೆಗೆದು ಹಾಕಿದ್ದು 2024ರ ಅಕ್ಟೋಬರ್‌ನಲ್ಲಿ.

ಆಟಪಾಡಿಯಿಂದ ಬರ್ಲಿನ್‌ವರೆಗೆ

ಸ್ವತಂತ್ರಪುರದ ಕಥೆಯನ್ನು ಲೋಕಕ್ಕೆ ತಲುಪಿಸಿದ್ದು ಸಿನಿಮಾ. ಗ. ದಿ. ಮಾಡಗೂಳಕರರು ಅದೇ ಮಾಣದೇಶದಲ್ಲಿ ಬೆಳೆದ ಮರಾಠಿ ಕವಿ. ತಮ್ಮ ಸೀಮೆಯ ಈ ಪ್ರಯೋಗವನ್ನು ಇಟ್ಟುಕೊಂಡು ಅವರು ಕಥೆ ಬರೆದರು. ವಿ. ಶಾಂತಾರಾಂ 1957ರಲ್ಲಿ ಅದನ್ನು ‘ದೋ ಆಂಖೇ ಬಾರಾ ಹಾಥ್’ ಎಂಬ ಹಿಂದಿ ಚಿತ್ರವಾಗಿ ಮಾಡಿದರು. ಆರು ಮಂದಿ ಕೊಲೆಗಾರರನ್ನು ಕರೆದುಕೊಂಡು ಒಬ್ಬ ಜೈಲರ್ ಬಂಜರು ಭೂಮಿಗೆ ಹೋಗಿ, ಅವರ ಕೈಯಿಂದಲೇ ಅದನ್ನು ಹಸಿರು ಮಾಡಿಸುವ ಕಥೆ. ಎರಡು ಕಣ್ಣು ಜೈಲರನವು, ಹನ್ನೆರಡು ಕೈ ಕೈದಿಗಳವು. 1958ರಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಅದಕ್ಕೆ ಬೆಳ್ಳಿ ಕರಡಿ ಪ್ರಶಸ್ತಿ ಬಂತು. ಅದರ ಪ್ರಾರ್ಥನಾ ಗೀತೆಯನ್ನು ನಮ್ಮಲ್ಲಿ ಎಷ್ಟೋ ಮಂದಿ ಶಾಲೆಯ ಸಾಲಿನಲ್ಲಿ ನಿಂತು ಹಾಡಿದ್ದೇವೆ. ಅದು ಕೈದಿಗಳ ಬಾಯಲ್ಲಿ ಇಟ್ಟ ಪ್ರಾರ್ಥನೆ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಆ ಚಿತ್ರ ನೋಡುವಾಗ ನಮಗೆ ಪ್ರೇಷಿತರ ಕಾರ್ಯಕಲಾಪಗಳ 16ನೇ ಅಧ್ಯಾಯ ನೆನಪಾಗುತ್ತದೆ. ಫಿಲಿಪ್ಪಿಯ ಸೆರೆಮನೆಯಲ್ಲಿ ಪೌಲ, ಸೀಲರು. ನಡುರಾತ್ರಿ ಭೂಮಿ ನಡುಗಿತು, ಬಾಗಿಲು ತೆರೆದವು, ಸಂಕೋಲೆ ಕಳಚಿದವು. ಕೈದಿಗಳೆಲ್ಲ ಓಡಿ ಹೋಗಿರಬೇಕೆಂದು ಕಾವಲುಗಾರ ಕತ್ತಿ ಹಿರಿದು ಸಾಯಲು ಹೊರಟ. ಆಗ ಒಳಗಿನಿಂದ ಪೌಲರ ದನಿ: ಕೇಡು ಮಾಡಿಕೊಳ್ಳಬೇಡ, ನಾವೆಲ್ಲ ಇಲ್ಲೇ ಇದ್ದೇವೆ ಎಂದು. ಬಾಗಿಲು ತೆರೆದಿದ್ದರೂ ಯಾರೂ ಓಡಲಿಲ್ಲ. ಆಮೇಲೆ ಆ ಕಾವಲುಗಾರ ಕೈದಿಗಳ ಗಾಯ ತೊಳೆದ, ಮನೆಗೆ ಕರೆದೊಯ್ದು ಊಟಕ್ಕಿಟ್ಟ. ನಾವು ಈ ಅಧ್ಯಾಯವನ್ನು ಭೂಕಂಪದ ಪವಾಡ ಎಂದು ಓದುತ್ತೇವೆ. ತೆರೆದ ಬಾಗಿಲ ಮುಂದೆ ಕೂತೇ ಇದ್ದ ಕೈದಿಗಳು, ಗಾಯ ತೊಳೆದ ಜೈಲರ್, ಅದೂ ಅಷ್ಟೇ ದೊಡ್ಡ ಪವಾಡ.

ಬೀಜ ಒಳ್ಳೆಯದು, ಬಿತ್ತನೆ ಕಡಿಮೆ

ಸ್ವಾತಂತ್ರ್ಯದ ನಂತರ ಬಯಲು ಜೈಲಿನ ಯೋಚನೆ ಬೇರೆ ರಾಜ್ಯಗಳಿಗೂ ಹೋಯಿತು. ಉತ್ತರ ಪ್ರದೇಶದಲ್ಲಿ ಸಂಪೂರ್ಣಾನಂದರು 1952ರಲ್ಲಿ ಬನಾರಸ್ ಬಳಿ ಚಂದ್ರಪ್ರಭಾ ಅಣೆಕಟ್ಟಿನ ಕೆಲಸಕ್ಕೆ ಕೈದಿಗಳ ಬಯಲು ಶಿಬಿರ ಮಾಡಿಸಿದರು. ಅವರೇ ರಾಜಸ್ಥಾನದ ರಾಜ್ಯಪಾಲರಾಗಿದ್ದಾಗ, 1963ರಲ್ಲಿ, ಜಯಪುರದ ಪಕ್ಕ ಸಾಂಗಾನೇರಿನಲ್ಲಿ ಬಯಲು ಜೈಲು ಬಂತು. ಅಲ್ಲಿ ಕೈದಿಗಳು ಬೆಳಿಗ್ಗೆ ಊರೊಳಗೆ ದುಡಿಯಲು ಹೋಗುತ್ತಾರೆ, ಸಂಜೆ ಹಾಜರಿಗೆ ಮರಳುತ್ತಾರೆ, ಹೆಂಡತಿ ಮಕ್ಕಳೊಡನೆ ಇರುತ್ತಾರೆ. ಅದರ ಜಾಗ ಕಡಿಮೆ ಮಾಡಬಾರದೆಂದು 2024ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಕರ್ನಾಟಕದಲ್ಲಿ ದೇವನಹಳ್ಳಿ ತಾಲ್ಲೂಕಿನ ಕೋರಮಂಗಲ ಎಂಬ ಹಳ್ಳಿಯಲ್ಲಿ ಬಯಲು ಕಾರಾಗೃಹವಿದೆ.

ಕರ್ನಾಟಕದ್ದೇ ಇನ್ನೊಂದು ದಾಖಲೆ ನೆನೆಯಬೇಕು. ಬೆಂಗಳೂರು ಕೇಂದ್ರ ಕಾರಾಗೃಹದ ಒಬ್ಬ ಕೈದಿ ತನ್ನ ಮತ್ತು ಜೊತೆಯವರ ಕಷ್ಟ ಹೇಳಿ ಸುಪ್ರೀಂ ಕೋರ್ಟಿಗೆ ಪತ್ರ ಬರೆದ. ಆ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡ ಕೋರ್ಟು 1996ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು. ರಾಮಮೂರ್ತಿ ಮತ್ತು ಕರ್ನಾಟಕ ಸರಕಾರದ ನಡುವಿನ ಪ್ರಕರಣವೆಂದು ಅದು ಹೆಸರಾಗಿದೆ. ಜೈಲುಗಳ ಒಂಬತ್ತು ಸಮಸ್ಯೆಗಳನ್ನು ತೀರ್ಪು ಪಟ್ಟಿ ಮಾಡಿತು: ಕಿಕ್ಕಿರಿದ ಜನ, ವಿಚಾರಣೆಯ ವಿಳಂಬ, ಹಿಂಸೆ, ಆರೋಗ್ಯದ ಕಡೆಗಣನೆ, ಸಾಲದ ಊಟ ಬಟ್ಟೆ, ಜೈಲಿನೊಳಗಿನ ದುಶ್ಚಟ, ಹೊರಗಿನವರೊಡನೆ ಸಂಪರ್ಕದ ಕೊರತೆ, ಭೇಟಿಯ ಅವ್ಯವಸ್ಥೆ, ಕೊನೆಯದಾಗಿ ಬಯಲು ಜೈಲುಗಳ ನಿರ್ವಹಣೆ. ಒಂದು ಪತ್ರಕ್ಕೆ ಎಷ್ಟು ಶಕ್ತಿ ಇರಬಹುದು ನೋಡಿ.

ಆದರೂ 2022ರ ಲೆಕ್ಕ ಹೀಗಿತ್ತು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2022ರ ಕೊನೆಯಲ್ಲಿ ದೇಶದ 1,330 ಜೈಲುಗಳಲ್ಲಿ 5,73,220 ಮಂದಿ ಇದ್ದರು. ಅಲ್ಲಿದ್ದ ಜಾಗ 4,36,266 ಮಂದಿಗೆ. ಅಂದರೆ ನೂರು ಮಂದಿ ಮಲಗುವ ಕಡೆ ನೂರಾ ಮೂವತ್ತೊಂದು ಮಂದಿ. ಅವರಲ್ಲಿ 4,34,302 ಮಂದಿ ವಿಚಾರಣಾಧೀನ ಕೈದಿಗಳು, ನಾಲ್ವರಲ್ಲಿ ಮೂವರು. ಅವರು ತಪ್ಪಿತಸ್ಥರೆಂದು ಯಾವ ಕೋರ್ಟೂ ಇನ್ನೂ ಹೇಳಿರಲಿಲ್ಲ. 1,330ರಲ್ಲಿ ಬಯಲು ಜೈಲುಗಳು 91.

ಇಲ್ಲಿ ಒಂದು ವಿಚಿತ್ರ ಗಮನಿಸಿ. ಬಯಲು ಜೈಲಿಗೆ ಹೋಗಲು ಸಾಮಾನ್ಯವಾಗಿ ಮೊದಲು ಅಪರಾಧಿ ಎಂದು ತೀರ್ಪಾಗಿರಬೇಕು, ಆಮೇಲೆ ವರ್ಷಗಟ್ಟಲೆ ಶಿಕ್ಷೆ ಕಳೆದಿರಬೇಕು. ತೀರ್ಪೇ ಆಗದ ಬಡವನಿಗೆ ಆ ಬಾಗಿಲಿಲ್ಲ. ಜಾಮೀನು ಆದರೂ ಭದ್ರತೆ ನಿಲ್ಲುವವರು ಸಿಗದೆ ಒಳಗೇ ಉಳಿಯುವವರಿದ್ದಾರೆ. ಸ್ವತಂತ್ರಪುರ ಹುಟ್ಟಿದಾಗ ಇದ್ದ ಪ್ರಶ್ನೆ ಶಿಕ್ಷೆಯಾದವರನ್ನು ಹೇಗೆ ನಡೆಸಿಕೊಳ್ಳಬೇಕು ಎಂಬುದು. ಇಂದಿನ ದೊಡ್ಡ ಪ್ರಶ್ನೆ, ಶಿಕ್ಷೆಯೇ ಆಗದವರು ಅಷ್ಟು ಮಂದಿ ಒಳಗೆ ಯಾಕಿದ್ದಾರೆ ಎಂಬುದು.

‘ಹಾಗಾದರೆ ಸತ್ತವರ ಮನೆಯವರ ಗತಿ?’

ಈ ವಿಷಯ ಮಾತಾಡಿದಾಗಲೆಲ್ಲ ಹಿರಿಯರು ಕೇಳುವ ಪ್ರಶ್ನೆ ಇದು. ನ್ಯಾಯವಾದ ಪ್ರಶ್ನೆಯೇ. ಕೊಂದವನು ಹೆಂಡತಿ ಮಕ್ಕಳೊಡನೆ ಹೊಲ ಮಾಡಿಕೊಂಡು ಇದ್ದರೆ, ಮಗನನ್ನು ಕಳೆದುಕೊಂಡ ತಾಯಿಗೆ ಏನನ್ನಿಸಬೇಡ?

ಮೂರು ಮಾತು ಹೇಳುತ್ತೇವೆ. ಮೊದಲನೆಯದು, ಬಯಲು ಜೈಲು ಶಿಕ್ಷೆಯ ಮಾಫಿ ಅಲ್ಲ. ಸ್ವತಂತ್ರಪುರಕ್ಕೆ ಬರುವವನು ಮುಚ್ಚಿದ ಜೈಲಿನಲ್ಲಿ ವರ್ಷಗಳನ್ನು ಕಳೆದೇ ಬಂದಿರುತ್ತಾನೆ. ಎರಡನೆಯದು, ಅಲ್ಲಿಗೆ ಎಲ್ಲರನ್ನೂ ಕಳಿಸುವುದಿಲ್ಲ, ಆರಿಸಿ ಕಳಿಸುತ್ತಾರೆ. ಆದ್ದರಿಂದ ಅಲ್ಲಿಯವರ ಒಳ್ಳೆಯ ನಡತೆಯೆಲ್ಲ ಬಯಲು ಜೈಲಿನದೇ ಫಲ ಎಂದು ನಾವು ಹೇಳುವುದಿಲ್ಲ, ಹಾಗೆ ಹೇಳಿದರೆ ಲೆಕ್ಕ ತಪ್ಪುತ್ತದೆ. ಆದರೆ ಜೀವಾವಧಿ ಶಿಕ್ಷೆಯವನೂ ಒಂದು ದಿನ ಹೊರಗೆ ಬರುವುದು ಸಾಮಾನ್ಯ. ಅವನು ಯಾವ ರೀತಿಯ ಮನುಷ್ಯನಾಗಿ ನಮ್ಮ ಓಣಿಗೆ ಬರಬೇಕು ಎಂಬುದೇ ಪ್ರಶ್ನೆ. ದುಡಿಮೆ, ಸಂಸಾರ, ಮಾತಿಗೆ ಬೆಲೆ ಇಷ್ಟನ್ನು ಉಳಿಸಿಕೊಂಡು ಬಂದವನಿಂದ ಊರಿಗೆ ಅಪಾಯ ಕಡಿಮೆ.

ಮೂರನೆಯ ಮಾತು ಕ್ಷಮೆಯದು. ಅದನ್ನು ಸರಕಾರ ಕೊಡಲಾಗದು, ಯುವ ಬಳಗವೂ ಬೇಡುವಂತಿಲ್ಲ. ನೊಂದವರು ತಾವಾಗಿ ಕೊಟ್ಟರೆ ಮಾತ್ರ ಅದು ಕ್ಷಮೆ. ಧನ್ಯ ರಾಣಿ ಮರಿಯ ಅವರ ಕಥೆ ನಮಗೆ ಗೊತ್ತು. ಮಧ್ಯಪ್ರದೇಶದಲ್ಲಿ ಬಡ ರೈತರ ಪರ ನಿಂತದ್ದಕ್ಕೆ 1995ರ ಫೆಬ್ರವರಿ 25ರಂದು ಬಸ್ಸಿನಲ್ಲೇ ಅವರನ್ನು ಇರಿದು ಕೊಂದರು. ಅವರ ತಂಗಿ, ತಾವೂ ಕನ್ಯಾಸ್ತ್ರೀ ಆಗಿರುವ ಸೆಲ್ಮಿ ಪೌಲ್, ಜೈಲಿಗೆ ಹೋಗಿ ಕೊಂದವನ ಕೈಗೆ ರಾಖಿ ಕಟ್ಟಿದರು. 2006ರಲ್ಲಿ ಅವನ ಬಿಡುಗಡೆಯಾಯಿತು. ಆಮೇಲೆ ಅವನು ಕೇರಳದ ಅವರ ಮನೆಗೇ ಹೋದ. ತಾಯಿ ಅವನನ್ನು ಒಳಗೆ ಕರೆದುಕೊಂಡರು. ಇದನ್ನು ಎಲ್ಲ ತಾಯಂದಿರೂ ಮಾಡಬೇಕೆಂದು ನಾವು ಹೇಳಲಾರೆವು. ಇದು ಮನುಷ್ಯರಿಂದ ಆಗದ ಮಾತಲ್ಲ ಎಂದಷ್ಟೇ ಹೇಳಬಹುದು. ನೊಂದ ಮನೆಯವರನ್ನು ಮರೆತು ಕೈದಿಯ ಪರ ಮಾತಾಡುವುದು ಅರ್ಧ ಕರುಣೆ. ಸೆರೆಮನೆಗೆ ಹೋಗುವ ನಮ್ಮ ಕಾಲು ಮೊದಲು ಆ ಮನೆಯ ಹೊಸ್ತಿಲನ್ನೂ ತುಳಿದಿರಬೇಕು.

ಊರೇ ಕೊನೆಯ ಬಾಗಿಲು

ಸ್ವತಂತ್ರಪುರದ ಇತಿಹಾಸದಿಂದ ನಾವು ಕಲಿತದ್ದು ಒಂದೇ ಮಾತಿನಲ್ಲಿ ಹೇಳಬೇಕೆಂದರೆ: ಮನುಷ್ಯನನ್ನು ತಿದ್ದುವುದು ಗೋಡೆ ಅಲ್ಲ, ಅವನಿಗಾಗಿ ಕಾಯುವ ಜನ. ರಾಜ ನೆಲ ಕೊಟ್ಟ, ಎಂಜಿನಿಯರ್ ಯೋಚನೆ ಕೊಟ್ಟ. ಆದರೆ ಆ ವಸಾಹತು ಉಳಿದದ್ದು ಸುತ್ತಲಿನ ಊರವರು ಅದನ್ನು ಸಹಿಸಿಕೊಂಡದ್ದರಿಂದ. ಸರಕಾರ ಬಿಡುಗಡೆಯ ಕಾಗದ ಕೊಡಬಹುದು. ಚಹಾದಂಗಡಿಯಲ್ಲಿ ಪಕ್ಕಕ್ಕೆ ಸರಿದು ಜಾಗ ಕೊಡುವುದು ಊರು.

ಸಂತ ಪೌಲರು ಸೆರೆಮನೆಯಿಂದಲೇ ಬರೆದ ಚಿಕ್ಕ ಪತ್ರ ಫಿಲೆಮೋನನಿಗೆ ಬರೆದದ್ದು. ಮನೆ ಬಿಟ್ಟು ಹೋದ ಒನೇಸಿಮನನ್ನು ಆಳಾಗಿ ಅಲ್ಲ, ಪ್ರೀತಿಯ ಸಹೋದರನಾಗಿ ಬರಮಾಡಿಕೊ, ಅವನ ಸಾಲವಿದ್ದರೆ ನನ್ನ ಲೆಕ್ಕಕ್ಕೆ ಬರೆ ಎನ್ನುತ್ತಾರೆ. ಮರಳಿ ಬರುವವನ ಜೊತೆ ಯಾರಾದರೂ ಒಬ್ಬರು ಜಾಮೀನಾಗಿ ನಿಲ್ಲಬೇಕು ಎಂಬುದೇ ಆ ಪತ್ರದ ತಿರುಳು.

ಹಾಗಾದರೆ ಶೇಗಾಂವ, ಜತ್ತದಂಥ ಊರಿನ ಯುವಕ ಯುವತಿಯರು ಏನು ಮಾಡಬಹುದು? ದೊಡ್ಡದೇನೂ ಬೇಡ.

ಒಂದು, ಜೈಲಿನಲ್ಲಿ ಇರುವವರ ಮಕ್ಕಳು. ತಂದೆ ಒಳಗಿದ್ದಾನೆ ಎಂಬ ಕಾರಣಕ್ಕೆ ಮಗು ಶಾಲೆ ಬಿಡಬಾರದು. ಧರ್ಮೋಪದೇಶದ ತರಗತಿಯಲ್ಲಿ, ಆಟದಲ್ಲಿ, ಹುಟ್ಟುಹಬ್ಬದ ಕರೆಯಲ್ಲಿ ಆ ಮಗು ಹೊರಗೆ ಉಳಿಯದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಮನೆಯವರು ಕಬ್ಬು ಕಡಿಯಲು ಹೋಗುವ ತಿಂಗಳುಗಳಲ್ಲಿ ಇದು ಇನ್ನೂ ಮುಖ್ಯ.

ಎರಡು, ಕಾಗದ ಓದಿ ಹೇಳುವುದು. ನಮ್ಮ ಗಡಿಯ ಊರುಗಳಲ್ಲಿ ಕನ್ನಡ ಮಾತ್ರ ಬಲ್ಲ ತಾಯಂದಿರಿಗೆ ಮರಾಠಿಯ ಪೊಲೀಸ್ ಕಾಗದ, ಕೋರ್ಟಿನ ತಾರೀಖು ತಿಳಿಯುವುದಿಲ್ಲ. ಎರಡೂ ಭಾಷೆ ಬಲ್ಲ ನಾವು ಅರ್ಧ ತಾಸು ಕೂತು ಓದಿ ಹೇಳಿದರೆ ಅದೂ ಸೆರೆಮನೆಯ ಸೇವೆಯೇ. ವಕೀಲರಿಗೆ ಕೊಡಲು ಹಣವಿಲ್ಲದವರಿಗೆ ಸಂವಿಧಾನದ 39ಎ ವಿಧಿ ಉಚಿತ ಕಾನೂನು ನೆರವಿನ ಭರವಸೆ ಕೊಡುತ್ತದೆ. ತಾಲ್ಲೂಕು ಮತ್ತು ಜಿಲ್ಲಾ ಕೋರ್ಟುಗಳಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ರಾಷ್ಟ್ರೀಯ ಸಹಾಯವಾಣಿ 15100.

ಮೂರು, ಒಂದು ಕಾನೂನು ತಿಳಿದಿರಲಿ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗದ ವಿಚಾರಣಾಧೀನ ಕೈದಿ, ತನ್ನ ಮೇಲಿನ ಆರೋಪಕ್ಕೆ ಇರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡುಗಡೆಗೆ ಅರ್ಹ. ಉಳಿದವರಿಗೆ ಅರ್ಧ ಅವಧಿ. ಮರಣದಂಡನೆ, ಜೀವಾವಧಿ ಶಿಕ್ಷೆಯ ಆರೋಪಗಳಿಗೆ ಇದು ಅನ್ವಯಿಸುವುದಿಲ್ಲ, ಒಂದಕ್ಕಿಂತ ಹೆಚ್ಚು ಪ್ರಕರಣ ಬಾಕಿ ಇದ್ದವರಿಗೂ ಇಲ್ಲ. ಇದು ಗೊತ್ತಿಲ್ಲದೆ ತಿಂಗಳುಗಟ್ಟಲೆ ಒಳಗೆ ಕೂತವರು ನಮ್ಮ ಪರಿಚಯದವರಲ್ಲೇ ಇರಬಹುದು.

ನಾಲ್ಕು, ಕೆಲಸ. ದಾಳಿಂಬೆ ತೋಟವೋ ಅಂಗಡಿಯೋ ಟ್ರ್ಯಾಕ್ಟರೋ ಇರುವ ಮನೆಯವರು ನಮ್ಮ ಧರ್ಮಕೇಂದ್ರದಲ್ಲಿದ್ದಾರೆ. ಶಿಕ್ಷೆ ಮುಗಿಸಿ ಬಂದವನಿಗೆ ಮೊದಲ ಒಂದು ತಿಂಗಳ ಕೆಲಸ ಕೊಡುವ ಧೈರ್ಯ ಒಬ್ಬರು ಮಾಡಿದರೆ, ಎರಡನೆಯವರಿಗೆ ಅದು ಸುಲಭವಾಗುತ್ತದೆ.

2024ರ ಡಿಸೆಂಬರ್ 26ರಂದು ಪೋಪ್ ಫ್ರಾನ್ಸಿಸ್ ರೋಮಿನ ರೆಬಿಬ್ಬಿಯಾ ಜೈಲಿಗೆ ಹೋಗಿ ಅಲ್ಲಿ ಜ್ಯೂಬಿಲಿಯ ಪವಿತ್ರ ದ್ವಾರವನ್ನು ತೆರೆದರು. ಜೈಲಿನಲ್ಲೂ ಒಂದು ಪವಿತ್ರ ದ್ವಾರ. ನಮ್ಮ ಜಿಲ್ಲೆಯ ಆಟಪಾಡಿಯಲ್ಲಿ ಅಂಥದೊಂದು ದ್ವಾರ ಎಂಬತ್ತಕ್ಕೂ ಹೆಚ್ಚು ವರ್ಷಗಳಿಂದ ತೆರೆದೇ ಇದೆ, ಮೂವತ್ತು ಮಂದಿಗಷ್ಟೇ ಆದರೂ. ಅದನ್ನು ಅಗಲ ಮಾಡುವುದು ಸರಕಾರದ ಕೆಲಸ, ಅದಕ್ಕಾಗಿ ಕೇಳುತ್ತಲೇ ಇರೋಣ. ಆ ದ್ವಾರ ದಾಟಿ ಊರಿಗೆ ಬರುವವನಿಗೆ ನಮ್ಮ ಮನೆಯ ಬಾಗಿಲು ತೆರೆಯುವುದು ನಮ್ಮ ಕೆಲಸ.

ಮುಂದಿನ ಯುವ ಸಭೆಯಲ್ಲಿ ಈ ನಾಲ್ಕರಲ್ಲಿ ಒಂದನ್ನಾದರೂ ಕೈಗೆತ್ತಿಕೊಳ್ಳೋಣ. ಮನೆಯಲ್ಲಿ ಹಿರಿಯರೊಡನೆ ಓದಿ ಮಾತಾಡಿ ಬನ್ನಿ, ಒಪ್ಪದಿದ್ದರೆ ಅದನ್ನೂ ಹೇಳಿ. ಸೆರೆಯಲ್ಲಿ ಇರುವವರನ್ನೂ, ಅವರಿಂದ ನೊಂದವರನ್ನೂ, ಇಬ್ಬರ ಮನೆಯ ಮಕ್ಕಳನ್ನೂ ಈ ವಾರದ ಜಪಸರದಲ್ಲಿ ನೆನೆಯೋಣ.

ಕ್ರಿಸ್ತನಲ್ಲಿ ನಿಮ್ಮ ಯುವ ಬಳಗ